‘ದಿ ಟಾರ್ನೆಡೊ’: ಜಾನ್ ಫೋರ್ಡ್ ಮೊದಲ ಚಿತ್ರಕ್ಕೆ ಉಳಿದಿರುವ ಸಾಕ್ಷ್ಯ

ಯೂನಿವರ್ಸಲ್ ಕಂಪನಿಯ ‘101 ಬೈಸನ್’ ಮುದ್ರೆಯಡಿ 1917ರ ಮಾರ್ಚ್ 3ರಂದು ‘ದಿ ಟಾರ್ನೆಡೊ’ ಎಂಬ ಎರಡು ರೀಲಿನ ಮೂಕಿ ವೆಸ್ಟರ್ನ್ ತೆರೆಕಂಡಿತು. ನಿರ್ದೇಶಕನೂ ನಾಯಕನಟನೂ ಜಾಕ್ ಫೋರ್ಡ್ ಎಂಬ 23 ವರ್ಷದ ತರುಣ. ಮುಂದೆ ಜಾನ್ ಫೋರ್ಡ್ ಎಂದು ಹೆಸರಾಗಿ, ನಿರ್ದೇಶನಕ್ಕಾಗಿ ನಾಲ್ಕು ಬಾರಿ ಆಸ್ಕರ್ ಪಡೆದದ್ದು ಇದೇ ತರುಣ. ಆತನ ಈ ಮೊದಲ ಚಿತ್ರದ ಒಂದು ಪ್ರತಿಯೂ ಇಂದು ಲಭ್ಯವಿಲ್ಲ.

ಒಂದು ರೀಲೆಂದರೆ ಸುಮಾರು 1000 ಅಡಿ ಫಿಲ್ಮು. ಇಂಥ ಕಿರುಚಿತ್ರಗಳು ವಾರವಾರ ಬಂದು, ಊರೂರು ಸುತ್ತಿ, ಸವೆದು ಹೋಗುತ್ತಿದ್ದವು. ಆಗ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮು ಸುಲಭವಾಗಿ ಹೊತ್ತಿಕೊಳ್ಳುವ ವಸ್ತು. ಅದನ್ನು ಕಾಪಿಡುವುದೇ ದೊಡ್ಡ ಖರ್ಚು. ಮಾತಿನ ಚಿತ್ರಗಳು ಬಂದ ಮೇಲೆ ಮೂಕಿಗಳಿಗೆ ಮಾರುಕಟ್ಟೆ ಉಳಿಯಲಿಲ್ಲ, ಫಿಲ್ಮಿನಲ್ಲಿದ್ದ ಬೆಳ್ಳಿಗೆ ಮಾತ್ರ ಬೆಲೆಯಿತ್ತು. 1948ರಲ್ಲಿ ಯೂನಿವರ್ಸಲ್ ತನ್ನಲ್ಲಿ ಉಳಿದಿದ್ದ ಮೂಕಿಗಳನ್ನು ತಾನೇ ನಾಶಮಾಡಿತು. ಹಾಗಾಗಿ ಈ ನಷ್ಟವನ್ನೆಲ್ಲ ಬೆಂಕಿಯ ಮೇಲೋ ವಿಧಿಯ ಮೇಲೋ ಹಾಕುವುದು ಸರಿಯಲ್ಲ. ಬಹುಪಾಲು ಇದು ಲೆಕ್ಕ ಹಾಕಿಯೇ ಮಾಡಿದ ನಾಶ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಡೇವಿಡ್ ಪಿಯರ್ಸ್ ಅವರ ಅಧ್ಯಯನದಂತೆ, 1912ರಿಂದ 1929ರವರೆಗಿನ 10,919 ಪೂರ್ಣಪ್ರಮಾಣದ ಮೂಕಿಗಳಲ್ಲಿ ಮೂಲರೂಪದಲ್ಲೇ ಉಳಿದಿರುವುದು ಶೇ. 14 ಮಾತ್ರ. ಎರಡು ರೀಲಿನ ಚಿತ್ರಗಳು ಆ ಎಣಿಕೆಗೇ ಸೇರಿಲ್ಲ. ಕಳೆದುಹೋದವುಗಳ ಪಟ್ಟಿಯಲ್ಲೂ ‘ಟಾರ್ನೆಡೊ’ಗೆ ಜಾಗವಿಲ್ಲವೆಂಬುದು ನನ್ನನ್ನು ಬಹಳ ಕಾಡುತ್ತದೆ.

ಉಳಿದಿರುವುದು ಕಥೆಯ ಸಾರಾಂಶವಷ್ಟೇ. ಬಂದೂಕು ಹಿಡಿಯದ ಜಾಕ್ ಡೇಟನ್, ದರೋಡೆಕೋರರು ಹೊತ್ತೊಯ್ದ ಯುವತಿಯನ್ನು ಬಿಡಿಸಿ ತರುತ್ತಾನೆ. ಬಂದ ಬಹುಮಾನದ ಹಣದಿಂದ ಐರ್ಲೆಂಡಿನಲ್ಲಿರುವ ತಾಯಿಯನ್ನು ಅಮೆರಿಕಕ್ಕೆ ಕರೆಸಿಕೊಳ್ಳಲು ಮುಂದಾಗುತ್ತಾನೆ. ಅಪಹರಣ, ಬೆನ್ನಟ್ಟುವಿಕೆ, ಬಿಡುಗಡೆ ಆ ಕಾಲದ ಯಾವ ವೆಸ್ಟರ್ನ್‌ನಲ್ಲಾದರೂ ಸಿಗುತ್ತವೆ. ತಾಯಿಯ ಎಳೆ ಹಾಗಲ್ಲ. ಫೋರ್ಡ್ ಐರಿಷ್ ವಲಸಿಗರ ಮಗ. ‘ಫೋರ್ ಸನ್ಸ್’ (1928) ಚಿತ್ರದಲ್ಲಿ ಬವೇರಿಯಾದ ಮುದಿತಾಯಿ ಅಮೆರಿಕದಲ್ಲಿರುವ ಮಗನ ಬಳಿಗೆ ಬರುತ್ತಾಳೆ. ‘ದಿ ಕ್ವೈಟ್ ಮ್ಯಾನ್’ (1952) ಚಿತ್ರದಲ್ಲಿ ಮಗನೇ ಐರ್ಲೆಂಡಿನ ಹುಟ್ಟುಮನೆಗೆ ಮರಳುತ್ತಾನೆ. ಕಡಲಿನ ಎರಡು ದಡಗಳಿಗೆ ಹಂಚಿಹೋದ ಕುಟುಂಬ ಫೋರ್ಡ್‌ಗೆ ಮೊದಲ ಚಿತ್ರದಿಂದಲೇ ಕಥಾವಸ್ತುವಾಗಿತ್ತು ಎಂದು ಈ ಸಾರಾಂಶದ ಬಲದಿಂದ ಧೈರ್ಯವಾಗಿ ಹೇಳಬಹುದು.

ಆದರೆ ಶೈಲಿಯ ಬಗ್ಗೆ ಆ ಧೈರ್ಯ ಸಲ್ಲದು. 1917ರ ಆಗಸ್ಟ್‌ನಲ್ಲಿ ಬಂದ ಫೋರ್ಡ್‌ನ ‘ಸ್ಟ್ರೈಟ್ ಶೂಟಿಂಗ್’ ಉಳಿದಿದೆ. ಅದರಲ್ಲಿ ಬಾಗಿಲ ಚೌಕಟ್ಟಿನೊಳಗೆ ಮನುಷ್ಯರನ್ನು ನಿಲ್ಲಿಸುವ ರೀತಿ ಆತನದೇ ‘ದಿ ಸರ್ಚರ್ಸ್’ (1956) ಚಿತ್ರವನ್ನು ನೆನಪಿಸುತ್ತದೆ. ಆ ಕಣ್ಣು ಮಾರ್ಚ್‌ನಲ್ಲೇ ತೆರೆದಿತ್ತೆಂದು ಊಹಿಸಿಕೊಳ್ಳುವ ಆಸೆ ಯಾರಿಗಾದರೂ ಸಹಜ. ಆದರೆ ಯಾರು ಯಾರನ್ನು ಬಿಡಿಸಿದರೆಂದು ಮಾತ್ರ ಸಾರಾಂಶ ಹೇಳುತ್ತದೆ. ಕ್ಯಾಮೆರಾ ಎಲ್ಲಿ ನಿಂತಿತ್ತೆಂದು ಹೇಳುವುದಿಲ್ಲ. ಫೋರ್ಡ್ ಮುಂದೆ ಈ ಚಿತ್ರವನ್ನು ಬರೀ ಸಾಹಸಗಳ ಸರಣಿಯೆಂದು ತಳ್ಳಿಹಾಕಿದ ಮಾತನ್ನೂ ತೀರ್ಪೆಂದು ಒಪ್ಪಬೇಕಾಗಿಲ್ಲ. ತನ್ನ ಕೆಲಸದ ಬಗ್ಗೆ ಸಂದರ್ಶಕರಿಗೆ ನೇರವಾಗಿ ಉತ್ತರ ಕೊಡುವ ಸ್ವಭಾವ ಆತನದಾಗಿರಲಿಲ್ಲ.

ಹಾಗೆಂದು ಕಳೆದುಹೋದ ಚಿತ್ರಗಳು ಸಿಗುವುದೇ ಇಲ್ಲವೆಂದಲ್ಲ. ‘ಸ್ಟ್ರೈಟ್ ಶೂಟಿಂಗ್’ ಪತ್ತೆಯಾದದ್ದು ಹಾಲಿವುಡ್‌ನಲ್ಲಲ್ಲ, ಪ್ರಾಗ್‌ನ ಚಲನಚಿತ್ರ ಸಂಗ್ರಹಾಗಾರದಲ್ಲಿ. ಫೋರ್ಡ್‌ನವೇ ಆದ ‘ಬಕಿಂಗ್ ಬ್ರಾಡ್‌ವೇ’ ಫ್ರಾನ್ಸಿನಲ್ಲಿ, ‘ಅಪ್‌ಸ್ಟ್ರೀಮ್’ ನ್ಯೂಜಿಲೆಂಡಿನಲ್ಲಿ. ಹೊರದೇಶಗಳಿಗೆ ಹೋದ ಪ್ರತಿಗಳ ಹೆಸರೂ ದೃಶ್ಯಗಳ ನಡುವಿನ ಬರಹಗಳೂ ಬದಲಾಗುತ್ತಿದ್ದವು. ಎಲ್ಲೋ ಒಂದು ಡಬ್ಬಿಯಲ್ಲಿ ಬೇರೆ ಹೆಸರಿನ ‘ಟಾರ್ನೆಡೊ’ ಸಿಕ್ಕರೆ, ಅದನ್ನು ಗುರುತಿಸಲು ನೆರವಾಗುವುದು ಬಂದೂಕಿಲ್ಲದ ನಾಯಕ ಮತ್ತು ಐರ್ಲೆಂಡಿನ ತಾಯಿಯ ಈ ಸಾರಾಂಶವೇ.