ಕ್ರೌನ್ ಮತ್ತು ವೆನೀರ್
ಹಾಳಾದ ಇಲ್ಲವೆ ಅಂದಗೆಟ್ಟ ಹಲ್ಲಿನ ಆಕಾರ, ಬಣ್ಣ, ಬಲವನ್ನು ಸರಿಪಡಿಸಲು ಅದರ ಮೇಲೆ ಕಳಚದಂತೆ ಅಂಟಿಸುವ ಎರಡು ಬಗೆಯ ಕೃತಕ ಹೊದಿಕೆಗಳು. ರೂಢಿಯಲ್ಲಿ ಕ್ಯಾಪ್ ಎನಿಸಿಕೊಳ್ಳುವ ಕ್ರೌನ್ ಒಸಡಿನ ಮೇಲಿನ ಇಡೀ ಹಲ್ಲನ್ನು ಆವರಿಸುತ್ತದೆ. ವೆನೀರ್ ಹಲ್ಲಿನ ಮುಂಬದಿಗಷ್ಟೇ ಕೂರುವ ತೆಳುಪದರ. ಪಿಂಗಾಣಿ ಕ್ರೌನನ್ನು ಅಮೆರಿಕದ ದಂತವೈದ್ಯ ಚಾರ್ಲ್ಸ್ ಲ್ಯಾಂಡ್ 1880ರ ದಶಕದಲ್ಲಿ ರೂಪಿಸಿದ. ಕ್ಯಾಲಿಫೋರ್ನಿಯದ ದಂತವೈದ್ಯ ಚಾರ್ಲ್ಸ್ ಪಿಂಕಸ್ ಹಾಲಿವುಡ್ ನಟರಿಗೆಂದು ತಯಾರಿಸಿದ ಮೊದಲ ವೆನೀರುಗಳು ಚಿತ್ರೀಕರಣ ಮುಗಿದೊಡನೆ ತೆಗೆದಿಡುವಂಥವು. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲನ್ನು ಆಮ್ಲದಿಂದ ಒರಟುಗೊಳಿಸಿ ಅಂಟಿಸುವ ವಿಧಾನವನ್ನು ದಂತವೈದ್ಯ ಮೈಕಲ್ ಬ್ಯೂನೊಕೋರ್ 1955ರಲ್ಲಿ ಪ್ರಕಟಿಸಿದ. 1980ರ ದಶಕದಲ್ಲಿ ಪಿಂಗಾಣಿಯ ಒಳಮೈಗೂ ಇದೇ ತತ್ತ್ವ ಅನ್ವಯವಾದ ಮೇಲೆ ವೆನೀರ್ ಭದ್ರವಾಗಿ ನಿಲ್ಲತೊಡಗಿತು.

ವೆನೀರಿಗೆ ಸಾಮಾನ್ಯವಾಗಿ 0.3ರಿಂದ 0.7 ಮಿ.ಮೀ. ಎನಾಮಲ್ ತೆಗೆದರೆ ಸಾಕು. ಕ್ರೌನಿಗೆ ಸುತ್ತಲೂ 1ರಿಂದ 2 ಮಿ.ಮೀ. ಸವೆಸಬೇಕಾಗುತ್ತದೆ. ರೂಟ್ ಕೆನಾಲ್ ಆದ ದವಡೆಹಲ್ಲು, ದೊಡ್ಡ ಹುಳುಕು, ಆಳವಾದ ಬಿರುಕುಗಳಿಗೆ ಕ್ರೌನೇ ಸೂಕ್ತ. ಎನಾಮಲ್ ಗಟ್ಟಿಯಾಗಿರುವ ಮುಂಭಾಗದ ಹಲ್ಲಿನ ಕಲೆ, ಸಂದು, ಸಣ್ಣ ಮುರುಕಿಗೆ ವೆನೀರ್ ಮೇಲು. ಕೋಲಾರ, ಪಾವಗಡ ಕಡೆಯ ಫ್ಲೋರೈಡ್ ನೀರಿನಿಂದಾಗುವ ಕಂದು ಕಲೆಗೂ ಇದನ್ನು ಬಳಸಬಹುದು. ನಿದ್ದೆಯಲ್ಲಿ ಹಲ್ಲು ಕಡಿಯುವವರಲ್ಲಿ ವೆನೀರ್ ಒಡೆಯುವ ಸಂಭವ ಹೆಚ್ಚು. ಸವೆಸಿದ ಎನಾಮಲ್ ಮತ್ತೆ ಬೆಳೆಯುವುದಿಲ್ಲ.