ಆಟಿಕೆಯ ಉತ್ಪಾದನಾ ವೆಚ್ಚ ಮತ್ತು ಬೆಲೆ: ಒಂದು ಐತಿಹಾಸಿಕ ವಿವೇಚನೆ

ವಸ್ತುವಿನ ಬೆಲೆಯೆಂದರೆ ಅದರ ತಯಾರಿಕೆಗೆ ತಗಲಿದ ವೆಚ್ಚಕ್ಕೆ ಲಾಭವನ್ನು ಕೂಡಿಸಿದ ಮೊತ್ತವೆಂಬುದು ಸಾಮಾನ್ಯ ಗ್ರಹಿಕೆ. ಆಟಿಕೆಗಳ ಇತಿಹಾಸವನ್ನು ಪರಿಶೀಲಿಸಿದರೆ ಇದು ಅರ್ಧಸತ್ಯವೆಂದು ತೋರಿಬರುತ್ತದೆ. ವೆಚ್ಚವು ಬೆಲೆಯ ಮೇಲೆ ಪರಿಣಾಮ ಬೀರುವುದು ನಿಜ. ಆದರೆ ಆ ವೆಚ್ಚವನ್ನು ಯಾರು, ಎಷ್ಟು ಕಾಲ ಹೊರಬಲ್ಲರೆಂಬುದು ಅದಕ್ಕಿಂತಲೂ ಮುಖ್ಯವಾದ ಪ್ರಶ್ನೆ. ನಮ್ಮ ನಾಡಿನ ಮೂರು ಬಗೆಯ ಆಟಿಕೆಗಳನ್ನೂ ವಿದೇಶದ ವಿಡಿಯೋ ಗೇಮ್ ಕನ್ಸೋಲನ್ನೂ ಎದುರುಬದುರಾಗಿ ಇರಿಸಿ ಈ ಪ್ರಶ್ನೆಯನ್ನು ವಿಚಾರಿಸಬಹುದು.

ಭೀಮಾತೀರದ ದೇವಣಗಾಂವ ಮೊದಲಾದ ಊರುಗಳಿಗೆ ಮಣ್ಣೆತ್ತಿನ ಅಮಾವಾಸ್ಯೆಯು ಚಿರಪರಿಚಿತವಾದ ಹಬ್ಬ. ಅಂದು ಪೂಜೆಗೊಳ್ಳುವ ಮಣ್ಣಿನ ಎತ್ತುಗಳು ಮಕ್ಕಳ ಪಾಲಿಗೆ ಆಟಿಕೆಗಳೂ ಹೌದು. ಎರೆಮಣ್ಣನ್ನು ಕೊಳ್ಳಬೇಕಾಗಿರಲಿಲ್ಲ, ಎತ್ತು ಮಾಡಿಕೊಟ್ಟ ಕುಂಬಾರನಿಗೆ ಸಲ್ಲುತ್ತಿದ್ದುದು ಹೆಚ್ಚಾಗಿ ಹಣವಲ್ಲ, ಜೋಳ. ವರ್ಷದ ಸೇವೆಗೆ ಸುಗ್ಗಿಯಲ್ಲಿ ಆಯ ಕೊಡುವ ಪದ್ಧತಿಯಿದ್ದಾಗ ಒಂದೊಂದು ವಸ್ತುವಿಗೂ ಪ್ರತ್ಯೇಕ ಬೆಲೆಯನ್ನು ಕಟ್ಟುವ ಪ್ರಸಂಗವೇ ವಿರಳವಾಗಿತ್ತು. ಅಂದರೆ ಇಲ್ಲಿ ಶ್ರಮದ ವೆಚ್ಚವಿತ್ತು, ಪೇಟೆಯ ಬೆಲೆಯಿರಲಿಲ್ಲ. ವೆಚ್ಚವನ್ನು ಇಡಿಯ ಊರೇ ಹೊರುತ್ತಿತ್ತು.

ಕೊಪ್ಪಳದ ಸಮೀಪದ ಕಿನ್ನಾಳದಲ್ಲಿ ಪರಿಸ್ಥಿತಿಯು ಬೇರೆ. ಅಲ್ಲಿಯ ಚಿತ್ರಗಾರ ಮನೆತನದವರು ಹಗುರವಾದ ಮರವನ್ನು ಕೆತ್ತಿ, ಹುಣಿಸೆಬೀಜದ ಅಂಟಿನಿಂದ ಭಾಗಗಳನ್ನು ಕೂಡಿಸಿ, ಲೇಪ ಹಚ್ಚಿ ಒಣಗಿಸಿ, ಕೊನೆಗೆ ಬಣ್ಣ ಬರೆಯುತ್ತಾರೆ. ಮರದ ಕ್ರಯಕ್ಕಿಂತ ಕೈಕೆಲಸದ ದಿನಗಳೇ ಇಲ್ಲಿ ದೊಡ್ಡ ವೆಚ್ಚ. ಹತ್ತನೆಯ ಗೊಂಬೆಗೂ ಮೊದಲನೆಯದರಷ್ಟೇ ಶ್ರಮ ಬೇಕಾದುದರಿಂದ, ಹೆಚ್ಚು ಮಾಡಿದ ಮಾತ್ರಕ್ಕೆ ಬೆಲೆಯು ಇಳಿಯಲಾರದು.

ಚನ್ನಪಟ್ಟಣದಲ್ಲಿ ಯಂತ್ರವು ಈ ಲೆಕ್ಕವನ್ನು ಕೆಲಮಟ್ಟಿಗೆ ಬದಲಿಸಿತು. ಹಾಲೆಮರದ ತುಂಡನ್ನು ಲೇತಿನಲ್ಲಿ ತಿರುಗಿಸುತ್ತ ಬಣ್ಣದ ಅರಗನ್ನು ಒತ್ತಿದಾಗ, ಘರ್ಷಣೆಯ ಶಾಖದಿಂದ ಅದು ಕರಗಿ ಮರಕ್ಕೆ ಹಿಡಿಯುತ್ತದೆ. ವಿದ್ಯುತ್ತಿನ ಲೇತು ಬಂದ ಮೇಲೆ ಒಂದು ಆಟಿಕೆಗೆ ತಗಲುವ ಹೊತ್ತು ಕಡಿಮೆಯಾಯಿತು. ಆದರೆ ಪೈಪೋಟಿಗೆ ನಿಂತ ಪ್ಲಾಸ್ಟಿಕ್ ಆಟಿಕೆಯ ಅರ್ಥಶಾಸ್ತ್ರವೇ ಬೇರೆ. ಅದರ ಅಚ್ಚಿಗೆ ಒಮ್ಮೆ ದೊಡ್ಡ ಮೊತ್ತವನ್ನು ವ್ಯಯಿಸಿದರೆ, ಆ ವೆಚ್ಚವು ಲಕ್ಷಾಂತರ ಆಟಿಕೆಗಳ ಮೇಲೆ ಹಂಚಿಹೋಗುತ್ತದೆ. ಮರ, ಅರಗುಗಳ ದರ ಏರಿದಾಗ ಕುಶಲಕರ್ಮಿಯು ಬೆಲೆಯನ್ನು ಏರಿಸಿದರೆ ಗಿರಾಕಿಯು ಪ್ಲಾಸ್ಟಿಕ್ಕಿನ ಕಡೆಗೆ ಹೊರಳುತ್ತಾನೆ. ಏರಿಸದಿದ್ದರೆ ಕುಶಲಕರ್ಮಿಯ ಕೂಲಿಯೇ ಕರಗುತ್ತದೆ.

ಈಗ ಕನ್ಸೋಲಿನ ಇತಿಹಾಸವನ್ನು ನೋಡೋಣ. 1995ರಲ್ಲಿ ಅಮೆರಿಕದಲ್ಲಿ ಸೆಗಾ ಸಂಸ್ಥೆಯ ಸ್ಯಾಟರ್ನ್ ಯಂತ್ರದ ಬೆಲೆ 399 ಡಾಲರ್ ಆಗಿದ್ದರೆ, ಸೋನಿಯು ಪ್ಲೇಸ್ಟೇಷನ್ನಿಗೆ 299 ಡಾಲರ್ ನಿಗದಿಪಡಿಸಿ ಮಾರುಕಟ್ಟೆಯನ್ನು ಗೆದ್ದಿತು. ಅದೇ ಸೋನಿಯು 2006ರಲ್ಲಿ ಪ್ಲೇಸ್ಟೇಷನ್ 3 ಯಂತ್ರವನ್ನು 499 ಮತ್ತು 599 ಡಾಲರುಗಳಿಗೆ ಮಾರಿತು. ಹೊಸ ಸೆಲ್ ಪ್ರೊಸೆಸರ್ ಮತ್ತು ಬ್ಲೂ-ರೇ ಸಾಧನಗಳು ದುಬಾರಿಯಾಗಿದ್ದವು. ಐಸಪ್ಲೈ ಸಂಸ್ಥೆಯ ಅಂದಾಜಿನಂತೆ ಆ ಎರಡು ಮಾದರಿಗಳ ತಯಾರಿಕೆಗೆ ಅನುಕ್ರಮವಾಗಿ ಸುಮಾರು 806 ಮತ್ತು 840 ಡಾಲರ್ ತಗಲುತ್ತಿತ್ತು. ಗಿರಾಕಿಗೆ ದುಬಾರಿಯೆನಿಸಿದ ಬೆಲೆಯೂ ತಯಾರಕನಿಗೆ ನಷ್ಟದ ಬೆಲೆಯೇ ಆಗಿತ್ತೆಂಬುದು ಗಮನಾರ್ಹ. ಆಟಗಳ ಮಾರಾಟದಿಂದಲೂ ಅನ್ಯ ಸಂಸ್ಥೆಗಳು ತೆರುವ ಪರವಾನಗಿ ಶುಲ್ಕದಿಂದಲೂ ಆ ನಷ್ಟವನ್ನು ಮುಂದೆ ತುಂಬಿಕೊಳ್ಳುವ ಭರವಸೆ ಸಂಸ್ಥೆಗಿತ್ತು. ಬಿಡಿಭಾಗಗಳ ವೆಚ್ಚ ಇಳಿದಂತೆ 2009ರ ತೆಳುವಾದ ಮಾದರಿಯು 299 ಡಾಲರಿಗೆ ದೊರೆಯಿತು.

ಈ ಹೋಲಿಕೆಯಿಂದ ತಿಳಿದುಬರುವುದೇನೆಂದರೆ, ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಮಾರುವ ಸಂದರ್ಭವು ಎರಡೂ ಕಡೆ ಉಂಟು. ಅದರ ಅರ್ಥ ಮಾತ್ರ ಒಂದೇ ಅಲ್ಲ. ಬಂಡವಾಳವುಳ್ಳ ಸಂಸ್ಥೆಗೆ ಅದು ಬಿತ್ತನೆಯ ಬೀಜ; ಕಿನ್ನಾಳದ ಚಿತ್ರಗಾರನಿಗೆ ಉಣ್ಣುವ ಕಾಳು. ಮರದ ಗೊಂಬೆಯನ್ನು ಒಮ್ಮೆ ಕೊಂಡವನು ಅದಕ್ಕಾಗಿ ಮತ್ತೆ ಏನನ್ನೂ ಕೊಳ್ಳಬೇಕಾಗಿಲ್ಲ. ಆದುದರಿಂದ ಇಂದಿನ ನಷ್ಟವನ್ನು ನಾಳೆ ತುಂಬಿಕೊಳ್ಳುವ ದಾರಿಯು ಕುಶಲಕರ್ಮಿಗಿಲ್ಲ.

ಭಾರತ ಸರಕಾರವು ಆಟಿಕೆಗಳ ಮೇಲಿನ ಮೂಲ ಆಮದು ಸುಂಕವನ್ನು 2020ರಲ್ಲಿ ಶೇಕಡಾ 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿಸಿತು. ಸುಂಕವು ಪರದೇಶದ ಸರಕಿನ ಬೆಲೆಯನ್ನು ಏರಿಸಬಲ್ಲುದೇ ಹೊರತು, ಚನ್ನಪಟ್ಟಣದಲ್ಲಿ ಮರದ ಕ್ರಯವನ್ನು ಇಳಿಸಲಾರದು. ಕಿನ್ನಾಳದಲ್ಲಿ ಬಣ್ಣ ಒಣಗುವ ದಿನಗಳನ್ನೂ ಕಡಿಮೆ ಮಾಡಲಾರದು. ಆಯದ ಕಾಲದಲ್ಲಿ ಊರು ಹೊತ್ತಿದ್ದ ಭಾರವು ಇಂದು ಒಂಟಿ ಕುಟುಂಬದ ಹೆಗಲಿಗೆ ಬಿದ್ದಿದೆ. ಆದಕಾರಣ ಬೆಲೆಗಳ ಇತಿಹಾಸವನ್ನು ಬರೆಯುವವರು ಅಂಗಡಿಯ ದರಪಟ್ಟಿಯೊಡನೆ ಕುಶಲಕರ್ಮಿಯ ಮನೆಯ ಲೆಕ್ಕವನ್ನೂ ಓದತಕ್ಕದ್ದು.