ಕಾಂಬಿನೇಷನ್‌ನಿಂದ ಕ್ರೆಡಿಟ್‌ವರೆಗೆ: ನಾಲ್ಕು ತಾಲೂಕುಗಳಲ್ಲಿ ಪದವಿಯ ಮೊದಲ ವರ್ಷ

ಚನ್ನಗಿರಿ, ಹೊನ್ನಾಳಿ ಹಾಗೂ ಹೊನ್ನಾಳಿಯಿಂದ ಬೇರ್ಪಟ್ಟು ತಾಲೂಕಾದ ನ್ಯಾಮತಿ 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಶಿವಮೊಗ್ಗ ಜಿಲ್ಲೆಯ ಭಾಗಗಳಾಗಿದ್ದವು. ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. ಜಿಲ್ಲೆ ಬೇರೆಯಾಗಿದ್ದರೂ ಪದವಿ ಶಿಕ್ಷಣದಲ್ಲಿ ಇವುಗಳ ದಾರಿ ಒಂದೇ: 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯಿಂದ 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯಕ್ಕೂ, ತೋಳಹುಣಸೆಯ ಸ್ನಾತಕೋತ್ತರ ಕೇಂದ್ರವೇ 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯವಾದಾಗ ಅದಕ್ಕೂ ಈ ಪ್ರದೇಶ ಸೇರಿತು. ವಿಶ್ವವಿದ್ಯಾಲಯ ಬದಲಾದರೂ, ಮೊದಲ ವರ್ಷದ ಓದನ್ನು ತನ್ನ ಶಕ್ತಿಗೆ ತಕ್ಕಂತೆ ಹೊಂದಿಸಿಕೊಳ್ಳುವ ಅವಕಾಶ ಇಲ್ಲಿನ ವಿದ್ಯಾರ್ಥಿಗೆ ದೊರೆತದ್ದು ಬಹಳ ತಡವಾಗಿ, ಅದೂ ಅರೆಬರೆಯಾಗಿ.

ಹಿಂದಿನ ಪದ್ಧತಿಯಲ್ಲಿ ಆಯ್ಕೆಯ ಘಟಕವೆಂದರೆ ವಿಷಯವಲ್ಲ, 'ಕಾಂಬಿನೇಷನ್', ಅಂದರೆ ಕಾಲೇಜು ಮೊದಲೇ ಜೋಡಿಸಿಟ್ಟ ಮೂರು ಐಚ್ಛಿಕ ವಿಷಯಗಳ ಗುಂಪು. ಬಿ.ಎ. ಸೇರುವವರು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರದ ಎಚ್‌ಇಪಿಯನ್ನೋ, ರಾಜ್ಯಶಾಸ್ತ್ರದ ಬದಲು ಸಮಾಜಶಾಸ್ತ್ರವಿರುವ ಎಚ್‌ಇಎಸ್ಅನ್ನೋ ಆರಿಸಿಕೊಳ್ಳುತ್ತಿದ್ದರು. ಇವುಗಳ ಜೊತೆಗೆ ಎರಡು ಭಾಷೆಗಳು ಕಡ್ಡಾಯವಾಗಿದ್ದವು. ಅಧ್ಯಾಪಕರಿಲ್ಲದ ವಿಷಯವನ್ನು ಕಾಲೇಜು ತನ್ನ ಜೋಡಣೆಗೆ ಸೇರಿಸುವಂತಿರಲಿಲ್ಲವಾದ್ದರಿಂದ, ತಾಲೂಕು ಕೇಂದ್ರದಲ್ಲಿ ಓದುವವನ ಆಯ್ಕೆ ನಗರದವನ ಆಯ್ಕೆಗಿಂತ ಯಾವಾಗಲೂ ಕಿರಿದಾಗಿರುತ್ತಿತ್ತು. ಈ ಇಕ್ಕಟ್ಟಿನೊಳಗೂ ಹೊರೆ ತಗ್ಗಿಸುವ ಒಂದು ಸಮರ್ಥ ದಾರಿಯೆಂದರೆ ಐಚ್ಛಿಕ ಕನ್ನಡ: ಭಾಷಾ ಪತ್ರಿಕೆಗಾಗಿ ನಡೆಸಿದ ಓದು ಇಲ್ಲಿಯೂ ನೆರವಾಗುತ್ತಿತ್ತು, ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಪತ್ರಿಕೆಗೆ ಹೆಚ್ಚು ಸಮಯ ಉಳಿಯುತ್ತಿತ್ತು. ಇದನ್ನು ಸುಲಭದ ವಿಷಯವೆಂದು ಹಗುರಾಗಿ ಕಾಣುವುದು ಅನ್ಯಾಯ. ಹಳಗನ್ನಡ ಕಾವ್ಯ, ಛಂದಸ್ಸು, ಕಾವ್ಯಮೀಮಾಂಸೆಗಳನ್ನು ಒಳಗೊಂಡ ವ್ಯಾಸಂಗ ಹಗುರವೇನಲ್ಲ.

ವಾರ್ಷಿಕ ಪರೀಕ್ಷೆಯ ಸ್ಥಾನದಲ್ಲಿ ಸೆಮಿಸ್ಟರ್, ಅಂದರೆ ಅರ್ಧವರ್ಷಕ್ಕೊಂದು ಪರೀಕ್ಷೆ ಬಂದಾಗ ಪಠ್ಯದ ಕಂತು ಚಿಕ್ಕದಾಯಿತು, ಬಿಡುವೂ ಚಿಕ್ಕದಾಯಿತು. ಚನ್ನಗಿರಿಯ ಅಡಿಕೆ ಕೊಯ್ಲು ಮತ್ತು ಜಗಳೂರಿನ ಮೆಕ್ಕೆಜೋಳದ ಕಟಾವು ಮಳೆಗಾಲದ ಕೊನೆಯಿಂದ ಆರಂಭವಾಗುವ ಕಾರಣ, ಮೊದಲ ಸೆಮಿಸ್ಟರ್‌ನ ಪಾಠದ ತಿಂಗಳುಗಳು ರೈತ ಮನೆಗಳಲ್ಲಿ ಕೈಗಳು ಸಾಲದ ತಿಂಗಳುಗಳೂ ಆದವು. ಯಾವ ಪಠ್ಯಕ್ರಮ ಸಮಿತಿಯೂ ಗಮನಿಸಬೇಕಾದ ಸಂಗತಿಯಿದು.

ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕ 2021-22ರಲ್ಲಿ ಪದವಿಗೆ ಅಳವಡಿಸಿದಾಗ ಆಯ್ಕೆಯ ಭಾಷೆಯೇ ಬದಲಾಗಿ, ವಾರಕ್ಕೆ ಒಂದು ಗಂಟೆಯ ಪಾಠ ಅಥವಾ ಎರಡು ಗಂಟೆಯ ಪ್ರಾಯೋಗಿಕ ಕೆಲಸಕ್ಕೆ ಸಮನಾದ 'ಕ್ರೆಡಿಟ್' ಹೊರೆಯ ಅಳತೆಯಾಯಿತು. ಬಿ.ಎ. ಮೊದಲ ಸೆಮಿಸ್ಟರ್‌ನಲ್ಲಿ ಎರಡು ಪ್ರಧಾನ ವಿಷಯಗಳ ನಾಲ್ಕು ಪತ್ರಿಕೆ, ಎರಡು ಭಾಷೆ, ಡಿಜಿಟಲ್ ಫ್ಲುಯೆನ್ಸಿಯಂಥ ಕೌಶಲ ಪತ್ರಿಕೆ ಇವುಗಳೊಡನೆ 3 ಕ್ರೆಡಿಟ್‌ನ ಮುಕ್ತ ಐಚ್ಛಿಕ, ಅಂದರೆ ತನ್ನ ವಿಭಾಗದ ಹೊರಗಿನಿಂದ ಆರಿಸಿಕೊಳ್ಳುವ ಪತ್ರಿಕೆಯೊಂದು ಸೇರಿತು. ಐಚ್ಛಿಕಗಳು ಮೂರರಿಂದ ಎರಡಕ್ಕೆ ಇಳಿದರೂ ಪತ್ರಿಕೆಗಳ ಸಂಖ್ಯೆ ತಗ್ಗಲಿಲ್ಲ. ಹೊರೆಯನ್ನು ತೂಗಿಸುವ ನಿಜವಾದ ಅವಕಾಶವಿದ್ದದ್ದು ಆ ಮುಕ್ತ ಐಚ್ಛಿಕದಲ್ಲೇ. ಆದರೆ ಕೆಲವೇ ವಿಭಾಗಗಳಿರುವ ಕಾಲೇಜಿನಲ್ಲಿ ಅದು ಇದ್ದ ಅಧ್ಯಾಪಕರ ಎಣಿಕೆಯನ್ನು ಮೀರುವಂತಿರಲಿಲ್ಲ.

2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಆ ನೀತಿಯೊಡನೆ ಬಂದಿದ್ದ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು, 2024-25ರಿಂದ ಮೂರು ವರ್ಷದ ಪದವಿಯನ್ನೂ ಮೂರು ಪ್ರಧಾನ ವಿಷಯಗಳ ಜೋಡಣೆಯನ್ನೂ ಮರಳಿ ತಂದಿತು. ಹೀಗೆ ಪ್ರವೇಶದ ದಿನ ತಾಲೂಕಿನ ವಿದ್ಯಾರ್ಥಿ ಎದುರಿಸುವ ಮುಖ್ಯ ಪ್ರಶ್ನೆ ಮತ್ತೆ ಯಾವ ಮೂರು ಎಂಬುದಾಗಿದ್ದು, ಅದಕ್ಕೆ ಉತ್ತರವನ್ನು ಇಂದಿಗೂ ಬಹುಪಾಲು ನಿರ್ಧರಿಸುವುದು ಕಾಲೇಜಿನ ಖಾಲಿ ಹುದ್ದೆಗಳು.